ಹೊರಗೆ ಎಳೆದ ಗೆರೆ

ಅಂಗಿಯ ಕತ್ತಿನ ಗುಂಡಿ ಕಾಜದೊಳಗೆ ಹೋಗದೆ ಗಣಿತದ ಮೇಷ್ಟ್ರು ಕನ್ನಡಿಯ ಮುಂದೆ ನಿಂತೇ ಇದ್ದರು. ಹೆಂಡತಿ ಒಳಗಿನಿಂದ ಬಂದು ಒಂದೇ ಸಲಕ್ಕೆ ಹಾಕಿಕೊಟ್ಟು, "ನಮ್ಮ ಮದುವೆ ದಿನಾನೂ ಇಷ್ಟು ಹೆದರಿರ್ಲಿಲ್ಲ ನೀವು. ಓದೋದು ಒಂದು ಹಾಳೆ ತಾನೆ?" ಎಂದಳು. ಹೌದು, ಒಂದೇ ಹಾಳೆ. ನಿವೃತ್ತರಾಗಿ ಎಂಟು ವರ್ಷವಾದ ಮೇಲೆ ಶಾಲೆಯವರು ಕರೆದಿದ್ದರು. ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳನ್ನು ಗೌರವಿಸುವುದು, ಈ ವರ್ಷ ಶಾಲೆ ಬಿಟ್ಟು ಹೋಗುವ ಮಕ್ಕಳಿಗೆ ಅವರಿಂದ ನಾಲ್ಕು ಧೈರ್ಯದ ಮಾತು ಹೇಳಿಸುವುದು, ಎರಡನ್ನೂ ಒಂದೇ ಬೆಳಿಗ್ಗೆ ಮುಗಿಸುವ ಕಾರ್ಯಕ್ರಮ. "ಅಷ್ಟು ದೊಡ್ಡ ಸೇತುವೆ ಕಟ್ಟಿದಾರೆ ನಿಮ್ಮ ಶಿಷ್ಯೆ. ಅವರ ಪರಿಚಯ ನಿಮ್ಮ ಬಾಯಿಂದಲೇ ಆಗಬೇಕಂತೆ ಸಾರ್, ಇಲ್ಲದಿದ್ರೆ ಬರೋದೇ ಇಲ್ಲ ಅಂತ ಹಟ ಹಿಡಿದಿದಾರೆ" ಎಂದು ಮುಖ್ಯೋಪಾಧ್ಯಾಯಿನಿ ಫೋನಿನಲ್ಲಿ ನಕ್ಕಿದ್ದರು. ಮೇಷ್ಟ್ರೂ ನಕ್ಕಿದ್ದರು. ನಕ್ಕು, ಫೋನಿಟ್ಟು, ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುಮ್ಮನೆ ಬೀಳುವುದನ್ನು ನೋಡುತ್ತ ನಿಂತಿದ್ದರು.

ಆ ಪರಿಚಯವನ್ನು ನಾಲ್ಕು ಸಲ ಬರೆದಿದ್ದರು. ಪ್ರತಿ ಸಲವೂ ಪೆನ್ನು ನಿಲ್ಲುತ್ತಿದ್ದುದು ಒಂದೇ ಜಾಗದಲ್ಲಿ: 'ಎಳೆಯ ವಯಸ್ಸಿನಲ್ಲೇ ತನ್ನ ಸ್ವಂತ ಪ್ರತಿಭೆಯಿಂದ'. ಕೊನೆಗೆ 'ಸ್ವಂತ' ಎಂಬುದನ್ನು ಹೊಡೆದುಹಾಕಿ ಮುಂದಕ್ಕೆ ಹೋದರು. ದುಂಡಕ್ಷರದಲ್ಲಿ ನಕಲು ಮಾಡಿಕೊಡಲು ಕೂತ ಹೆಂಡತಿ ಅಲ್ಲೇ ಎಡವಿದಳು. "ಪ್ರತಿಭೆ ಅಂದ್ಮೇಲೆ ಸ್ವಂತದ್ದೇ ಅಲ್ವಾ? ಬೇರೆಯವರದ್ದು ತಂದಿಟ್ಕೊಳ್ಳೋಕಾಗುತ್ತಾ? ಯಾಕೆ ಹೊಡೆದ್ರಿ ಇದನ್ನ?" ಎಂದು ಆ ಪದವನ್ನು ಮತ್ತೆ ಸೇರಿಸಿಬಿಟ್ಟಳು. ಮೂವತ್ತೊಂದು ವರ್ಷದಿಂದ ಅವಳಿಗೆ ಹೇಳದೇ ಉಳಿದದ್ದನ್ನು ಅವತ್ತು, ಆ ಊಟದ ಮೇಜಿನ ಮೇಲೆ, ಹೇಳಿಬಿಡಬಹುದಿತ್ತು. "ಇರಲಿ ಬಿಡು" ಎಂದಿದ್ದರು. ಇರಲಿ ಬಿಡು ಎನ್ನುವುದು ಅವರಿಗೆ ಬಾಯಿಪಾಠವಾಗಿತ್ತು.

ಬಸ್ಸಿನಲ್ಲಿ ಎದುರು ಸೀಟಿಗೆ ಅದೇ ಶಾಲೆಯ ಇಬ್ಬರು ಹುಡುಗಿಯರು ಬಂದು ಕೂತರು. ಬೂದು ಬಣ್ಣದ ಸಮವಸ್ತ್ರ, ಬಿಳಿ ಕಾಲರು. ಮೇಷ್ಟ್ರು ಕಿಟಕಿಯಾಚೆ ನೋಡಿದರು. ಕಾಲರಿನ ತುದಿಯಲ್ಲಿ ಎರಡು ಸಾಲು ಹೊಲಿಗೆ ಇರುತ್ತದೆ, ಒಂದಕ್ಕೊಂದು ಎಲ್ಲೂ ತಾಕದ ಹಾಗೆ, ಅಳತೆಪಟ್ಟಿ ಇಟ್ಟು ಎಳೆದಂತೆ. ನಿವೃತ್ತಿಗೆ ಮೂರು ವರ್ಷ ಮುಂಚೆ ಜವಾನ ಮಾತಿನ ಮಧ್ಯೆ, "ಇವೆಲ್ಲ ನಮ್ಮ ಹಳೇ ದರ್ಜಿ ಮಗಳೇ ಹೊಲಿಯೋದು ಸಾರ್. ನಿಮ್ಮ ಸ್ಟೂಡೆಂಟೇ ಅಂತೆ" ಎಂದ. ಅವತ್ತಿನಿಂದ ಕೊನೆಯ ದಿನದವರೆಗೂ ಮೇಷ್ಟ್ರು ತರಗತಿಯಲ್ಲಿ ಮಕ್ಕಳ ಮುಖ ನೋಡಿದರೇ ಹೊರತು ಕತ್ತಿನಿಂದ ಕೆಳಗೆ ಕಣ್ಣು ಇಳಿಸಲಿಲ್ಲ. ನಲವತ್ತು ಕಾಲರು, ದಿನವೂ, ಐದು ಪಿರಿಯಡ್ಡು.

ಸಭಾಂಗಣದಲ್ಲಿ ಹೊಸ ಬಣ್ಣದ ವಾಸನೆಯಿತ್ತು. ಶಾಲೆ ಬಿಡುವ ಮಕ್ಕಳನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಹೆತ್ತವರು ಹಿಂದೆ, ಗೋಡೆಗೆ ಒತ್ತಿಕೊಂಡು. ವೇದಿಕೆಯ ಮೇಲೆ ಮೂವರು ಸಾಧಕರು: ಒಬ್ಬ ಓಟಗಾರ, ಒಬ್ಬ ಕಣ್ಣಿನ ವೈದ್ಯ, ಕೊನೆಯಲ್ಲಿ ಸೇತುವೆಯ ಇಂಜಿನಿಯರು. ಅವಳು ಎದ್ದು ಬಂದು ಮೇಷ್ಟ್ರ ಎರಡೂ ಕೈ ಹಿಡಿದುಕೊಂಡಳು. ಹಣೆಯ ಮೇಲೆ ಬೆಳ್ಳಿಗೂದಲು, ಕೈಯಲ್ಲಿ ಬಿಸಿ, ಕಣ್ಣಲ್ಲಿ ನಿಜವಾದ ಸಂತೋಷ. ಅದೇ ಅವರನ್ನು ಅಳುಕಿಸಿತು. ಅವಳು ಕಣ್ಣು ತಪ್ಪಿಸಿದ್ದರೆ, ಒಂದು ಗಳಿಗೆ ತಡವರಿಸಿದ್ದರೆ, ಮೇಷ್ಟ್ರಿಗೆ ಜೊತೆಗೊಬ್ಬರು ಸಿಕ್ಕಂತಾಗುತ್ತಿತ್ತು. ಅವಳ ಮುಖದಲ್ಲಿ ಎಲ್ಲೂ ಕಲೆಯಿರಲಿಲ್ಲ. ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದರು. 'ಸ್ವಂತ' ಬಂದಾಗ ಕೆಮ್ಮಿದರು, ಜವಾನ ನೀರು ತಂದ, ಚಪ್ಪಾಳೆ ಬಿತ್ತು. ಮೇಷ್ಟ್ರು ಭಾವುಕರಾದರೆಂದು ಎಲ್ಲರೂ ತಿಳಿದರು.

"ನಾವೆಲ್ಲ ಇವರಿಗೆ ಕೈವಾರ ಅಂತ ಹೆಸರಿಟ್ಟಿದ್ವಿ" ಎಂದು ಇಂಜಿನಿಯರು ಶುರುಮಾಡಿದಳು. "ಆ ಉದ್ದ ಕಾಲು ನೋಡಿ, ಯಾಕೆ ಅಂತ ಗೊತ್ತಾಗುತ್ತೆ." ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಕುರ್ಚಿಯ ಕೆಳಗೆ ಕಾಲು ಎಳೆದುಕೊಂಡರು. "ನೀವು ನಾಳೆ ಈ ಗೇಟು ದಾಟಿ ಹೋಗ್ತೀರಿ. ಹೆದರಿಕೆ ಇರುತ್ತೆ. ನನಗೂ ಇತ್ತು. ಆದ್ರೆ ನಿಮ್ಮ ವಯಸ್ಸಲ್ಲಿ ಒಂದು ದಿನ ಈ ಮೇಷ್ಟ್ರು ಒಂದು ತ್ರಿಕೋನದ ಲೆಕ್ಕ ಕೊಟ್ರು. ಒಳಗೆ ಎಷ್ಟು ಗೆರೆ ಎಳೆದ್ರೂ ಬಗೆಹರೀತಿರ್ಲಿಲ್ಲ. ನಾನು ತ್ರಿಕೋನದ ಹೊರಗೆ ಒಂದು ಗೆರೆ ಎಳೆದೆ. ಅದು ಹೇಗೆ ಹೊಳೀತು ಅಂತ ಇವತ್ತಿಗೂ ಗೊತ್ತಿಲ್ಲ, ದೇವರಾಣೆ. ಮೇಷ್ಟ್ರು ನನ್ನ ಹಾಳೆ ಎತ್ತಿ ಹಿಡಿದು ಇಡೀ ಕ್ಲಾಸಿಗೆ ತೋರಿಸಿದ್ರು. ನನ್ನ ಜೀವನ ಅವತ್ತು ಶುರುವಾಯ್ತು."

ಅವತ್ತು ಮಧ್ಯಾಹ್ನದ ಬಿಸಿಲು ಕರಿಹಲಗೆಯ ಮೇಲೆ ಅರ್ಧಕ್ಕೆ ಬಿದ್ದಿತ್ತು. ಎರಡು ಉತ್ತರಪತ್ರಿಕೆ ಮೇಷ್ಟ್ರ ಕೈಯಲ್ಲಿ, ಎರಡರಲ್ಲೂ ಅದೇ ಗೆರೆ, ಅವರು ಯಾವತ್ತೂ ಹೇಳಿಕೊಡದ ಗೆರೆ. ಎರಡರಲ್ಲೂ 'ಸಮಾಂತರ' ಎಂಬುದು 'ಸಮಂತರ' ಆಗಿತ್ತು. ಒಂದು ಡಾಕ್ಟರ ಮಗಳದ್ದು, ಅಂದರೆ ಈಗಿನ ಈ ಇಂಜಿನಿಯರದ್ದು, ಇನ್ನೊಂದು ಅದೇ ಬೆಂಚಿನ ದರ್ಜಿ ಮಗಳದ್ದು. ತೀರಾ ಮೆಲ್ಲಗೆ ಮಾತಾಡುವಳೆಂದು ಹುಡುಗಿಯರು ಅವಳನ್ನು ಪಿಸುಮಾತು ಎಂದು ಕರೆಯುತ್ತಿದ್ದರು. ಗಣಿತದ ಸ್ಪರ್ಧೆಗೆ ಶಾಲೆಯಿಂದ ಒಬ್ಬರನ್ನು ಮಾತ್ರ ಕಳಿಸಬಹುದಿತ್ತು. ಗೆದ್ದವರಿಗೆ ಮುಂದಿನ ಓದಿಗೆ ದೊಡ್ಡ ಶಾಲೆಯ ಬಾಗಿಲು ತೆರೆಯುತ್ತಿತ್ತು. ಡಾಕ್ಟರ ಮಗಳು ಎಂದೂ ಕಾಗುಣಿತ ತಪ್ಪಿದವಳಲ್ಲ. ಅದು ಮೇಷ್ಟ್ರಿಗೆ ಗೊತ್ತಿತ್ತು. ಗೊತ್ತಿದ್ದೂ, ಗೊತ್ತಿರುವುದು ಮನಸ್ಸಿನ ಮೇಲ್ಪದರಕ್ಕೆ ಬರುವ ಮೊದಲೇ, ಬಾಯಿ ತೆರೆದಿತ್ತು. "ಬಟ್ಟೆ ಕದಿಯೋದು ನಿಮ್ಮ ಮನೆ ಕಸುಬಿರಬಹುದು ಕಣಮ್ಮ. ಲೆಕ್ಕ ಕದಿಯೋದು ನನ್ನ ಕ್ಲಾಸಲ್ಲಿ ನಡೆಯಲ್ಲ." ನಲವತ್ತು ಮಕ್ಕಳು ಗೊಳ್ಳೆಂದು ನಕ್ಕರು. ಆ ನಗು ಎಂಥ ಹಿತವಾಗಿತ್ತು! ಮೂವತ್ತೈದು ವರ್ಷದ, ಯಾರೂ ತಮಾಷೆಯವನೆಂದು ಎಣಿಸದ ಮನುಷ್ಯ ಅವರು. ಆ ನಗುವಿನ ಗಾಳಿಯಲ್ಲೇ ಅವಳ ಹಾಳೆಗಳನ್ನು ನಾಲ್ಕು ಚೂರು ಮಾಡಿ ಬಿಸಾಡಿದರು. ಅವಳು ಏನೋ ಅಂದಳು. ಪಿಸುಮಾತು, ಯಾರಿಗೂ ಕೇಳಲಿಲ್ಲ.

ಸಂಜೆ ತರಗತಿ ಖಾಲಿಯಾದ ಮೇಲೆ ಚೂರುಗಳನ್ನು ತಾವೇ ಆಯ್ದರು. ಯಾಕೆ ಆಯ್ದರೋ. ಕೊನೆಯ ಪುಟದ ಹಿಂಬದಿಯಲ್ಲಿ ಕಚ್ಚಾ ಲೆಕ್ಕವಿತ್ತು: ತಪ್ಪಾದ ಒಂದು ತ್ರಿಕೋನ, ಅದರ ಮೇಲೆ ಗೀಟು, ಇನ್ನೊಂದು, ಅದಕ್ಕೂ ಗೀಟು, ಮೂರನೆಯದರಲ್ಲಿ ಗೆರೆ ಒಳಗಿನಿಂದ ಹೊರಟು, ಅಂಚಿನವರೆಗೆ ಬಂದು, ಅಲ್ಲಿ ಪೆನ್ಸಿಲ್ಲು ಒತ್ತಿ ನಿಂತ ಗುಳಿ, ಆಮೇಲೆ ಹೊರಗೆ. ಒಂದು ಮಗುವಿನ ತಲೆ ಯೋಚಿಸಿದ್ದನ್ನು ಕಣ್ಣಾರೆ ನೋಡುವ ಭಾಗ್ಯ ಮೇಷ್ಟ್ರಿಗೆ ಇಡೀ ವೃತ್ತಿಯಲ್ಲಿ ಸಿಕ್ಕಿದ್ದು ಅದೊಂದೇ ಸಲ. ಡಾಕ್ಟರ ಮಗಳ ಪತ್ರಿಕೆ ತಿರುವಿದರು. ಹಿಂಬದಿ ಬೆಳ್ಳಗಿತ್ತು.

ಮಾರನೆಯ ಬೆಳಿಗ್ಗೆ ದರ್ಜಿ ಬಂದ. ಕೊರಳಿನ ಅಳತೆಯ ಟೇಪು ತೆಗೆಯುವುದನ್ನೂ ಮರೆತು ಬಂದಿದ್ದ. ಶಿಕ್ಷಕರ ಕೋಣೆಯ ಹೊಸ್ತಿಲಾಚೆ ನಿಂತು, "ನಮ್ಮ ಕಸುಬಿನ ಬಗ್ಗೆ ನೀವಂದಿದ್ದು ಬಿಡಿ ಸಾರ್. ಒಂದೇ ಮಾತು ಹೇಳಿ. ನನ್ನ ಮಗಳು ನಿಜವಾಗ್ಲೂ ಕದ್ದಳಾ?" ಎಂದ. ಕೋಣೆಯಲ್ಲಿ ಉಳಿದ ಮೇಷ್ಟ್ರುಗಳಿದ್ದರು, ಚಹಾದ ಲೋಟ ಹಿಡಿದು ಕೇಳುತ್ತಿದ್ದರು. ಡಾಕ್ಟರ ಹೆದರಿಕೆಯಿರಲಿಲ್ಲ, ಹೆಡ್‌ಮಾಸ್ಟರ ಹೆದರಿಕೆಯಿರಲಿಲ್ಲ. ನಲವತ್ತು ಮಕ್ಕಳೆದುರು ಹೋಗಿ 'ನಾನು ತಪ್ಪಿದೆ' ಅನ್ನಬೇಕಲ್ಲ, ಅಷ್ಟೆ. "ಹೌದು" ಎಂದರು. ದರ್ಜಿ ತಲೆ ತಗ್ಗಿಸಿ, "ಕ್ಷಮಿಸಿ ಸಾರ್" ಎಂದು ಹೋದ. ಕ್ಷಮಿಸಿ ಎಂದದ್ದು ಅವನು.

ಚಪ್ಪಾಳೆ ಜೋರಾಗಿ, ಮಕ್ಕಳು ಎದ್ದು ನಿಂತಿದ್ದರು. ಇಂಜಿನಿಯರಿಗೆ ಹೂಗುಚ್ಛ ಕೊಡಬೇಕಾದವರು ಮೇಷ್ಟ್ರೇ. ಕೊಟ್ಟರು. ಅವಳು ಕಿವಿಯ ಹತ್ತಿರ ಬಂದು, "ನೀವಿಲ್ಲದಿದ್ರೆ ನಾನಿಲ್ಲ ಸಾರ್" ಎಂದಳು. ಅದು ಸತ್ಯವೇ ಆಗಿತ್ತು.

ಚಹಾಕ್ಕೆ ಎಲ್ಲರೂ ವರಾಂಡಕ್ಕೆ ಬಂದರು. ಮೇಷ್ಟ್ರು ಕಂಬಕ್ಕೆ ಒರಗಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ತಳಕ್ಕೆ ಹೋದದ್ದನ್ನು ನೋಡುತ್ತಿದ್ದಾಗ, "ಸಾರ್, ಗುರುತು ಸಿಕ್ತಾ?" ಎಂಬ ಸದ್ದು. ಅಷ್ಟು ಮೆಲ್ಲಗಿನ ದನಿ ಇನ್ಯಾರದ್ದೂ ಅಲ್ಲ. ಬೆರಳ ತುದಿಗಳಲ್ಲಿ ಸೂಜಿಯ ಗುರುತು, ಕನ್ನಡಕ, ದುಂಡಗಾದ ಭುಜ. ಪಕ್ಕದಲ್ಲಿ ಬೂದು ಸಮವಸ್ತ್ರದ ಹುಡುಗಿ, ಕೈಯಲ್ಲಿ ಶಾಲೆ ಬಿಡುವವರಿಗೆ ಕೊಟ್ಟ ಪ್ರಮಾಣಪತ್ರ.

"ಗೇಟಿನ ಒಳಗೆ ಕಾಲಿಟ್ಟು ಮೂವತ್ತೊಂದು ವರ್ಷ ಆಯ್ತು ಸಾರ್" ಎಂದು ಅವಳು ನಕ್ಕಳು. "ಯೂನಿಫಾರ್ಮ್ ಎಲ್ಲಾ ಗೇಟಿನ ಹತ್ರವೇ ಕೊಟ್ಟು ಹೋಗಿಬಿಡ್ತಿದ್ದೆ. ಇವತ್ತು ಇವಳ ಸಲುವಾಗಿ ಬಂದೆ. ಗಣಿತದಲ್ಲಿ ಇಡೀ ಶಾಲೆಗೆ ಮೊದಲು ಬಂದಿದಾಳಂತೆ."

"ತುಂಬಾ ಸಂತೋಷ. ಮುಂದೆ ಏನು ಓದ್ತೀಯಮ್ಮ?"

ಹುಡುಗಿ ತಾಯಿಯ ಕಡೆ ನೋಡಿದಳು. ತಾಯಿ ಕೈಚೀಲದ ಹಿಡಿಯನ್ನು ತಿರುವುತ್ತ, "ಓದೋದು ಬೇಡ ಅಂದಿದೀನಿ ಸಾರ್. ಹೊಲಿಗೆ ಕಲಿತಿದಾಳೆ, ಸಾಕು. ಇವಳು ಕೇಳ್ತಿಲ್ಲ. ಅದಕ್ಕೇ ಕರ್ಕೊಂಡು ಬಂದೆ, ನೀವೇ ಹೇಳಿ. ನಾನು ಹೇಗಿದ್ದೆ ಅಂತ ನಿಮಗೇ ಗೊತ್ತಲ್ಲ. ಇವಳಿಗೆ ಅಂಕ ಬಂದಾಗೆಲ್ಲ ನನಗೆ ಎದೆ ಧಸಕ್ ಅನ್ನುತ್ತೆ. ಯಾರ ಹತ್ರ ನೋಡಿ ಬರೆದ್ಲೋ ಅಂತ. ಕದ್ದು ಸಿಕ್ಕಿಬಿದ್ದವಳ ಮಗಳು ಸಾರ್, ಎಷ್ಟೆಂದ್ರೂ" ಎಂದಳು. ಅಳುತ್ತ ಅಲ್ಲ, ಸಕ್ಕರೆ ಕಾಯಿಲೆ ಮನೆತನದಲ್ಲೇ ಇದೆ ಅನ್ನುವವರ ಹಾಗೆ.

ಮೇಷ್ಟ್ರು ಲೋಟವನ್ನು ಕಿಟಕಿಯ ಅಂಚಿಗಿಟ್ಟರು. "ನೀನು ಕದ್ದಿರಲಿಲ್ಲ" ಎಂದರು.

"ದೊಡ್ಡ ಮನಸ್ಸು ಸಾರ್ ನಿಮ್ಮದು. ಬಿಡಿ, ಹಳೇ ಕಥೆ."

"ಮನಸ್ಸಿನ ಮಾತಲ್ಲ. ಕೇಳು. ಕೊನೇ ಪುಟದ ಹಿಂದೆ ನಿನ್ನ ಕಚ್ಚಾ ಲೆಕ್ಕ ಇತ್ತು. ಮೂರು ಸಲ ಪ್ರಯತ್ನ ಮಾಡಿದ್ದೆ. ಗೆರೆ ನಿನ್ನದು. ಅವಳು ನಿನ್ನದನ್ನ ನೋಡಿ ಬರೆದಿದ್ದಳು. ನಾನು ನೋಡಿದೆ. ನೋಡಿ ಸುಮ್ಮನಿದ್ದೆ."

ವರಾಂಡದ ಆ ತುದಿಯಲ್ಲಿ ಇಂಜಿನಿಯರನ್ನು ಸುತ್ತಿಕೊಂಡ ಮಕ್ಕಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ದರ್ಜಿ ಮಗಳು ಅತ್ತ ನೋಡಲಿಲ್ಲ. ಅವಳು ಬಟ್ಟೆಗೆ ಕತ್ತರಿ ಹಾಕುವ ಮೊದಲು ಅಳೆಯುವವರಂತೆ ಕಣ್ಣು ಕಿರಿದು ಮಾಡಿ, "ಅಪ್ಪ ಬಂದಿದ್ದು ಮಾರನೇ ದಿನ ಅಲ್ವಾ ಸಾರ್?" ಎಂದಳು.

"ಹೌದು."

"ನೀವು ಪುಟ ನೋಡಿದ್ದು?"

"ಹಿಂದಿನ ಸಂಜೆ."

ಅವಳು ತಲೆಯಾಡಿಸಿದಳು. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದಳು. ಮೇಷ್ಟ್ರು ಬೈಗುಳಕ್ಕೆ ಕಾದರು; ಮೂವತ್ತೊಂದು ವರ್ಷ ಒಂದಿಲ್ಲೊಂದು ರೀತಿಯಲ್ಲಿ ಅದಕ್ಕೇ ಕಾದಿದ್ದರು. ಅವಳು ಮಾತಾಡಿದಾಗ ಅದು ಅವರಿಗೆ ಹೇಳಿದಂತೆಯೂ ಇರಲಿಲ್ಲ. "ಮೂರು ದಿನ ನಾನು ಕದ್ದಿಲ್ಲ ಅಂತಲೇ ಅಂದೆ. ನಾಲ್ಕನೇ ದಿನ ಅಪ್ಪ ಊಟ ಬಿಟ್ರು. ಕದ್ದಿದ್ದಕ್ಕಲ್ಲ, ಸುಳ್ಳು ಹೇಳ್ತಿದಾಳೆ ಅಂತ. ಕದ್ದೆ ಅಂದೆ, ತಟ್ಟೆ ಮುಂದೆ ಕೂತ್ರು. ಆದ್ರೆ ಸಾಯೋವರೆಗೂ ಗಲ್ಲಾಪೆಟ್ಟಿಗೆ ಕೀಲಿ ಮಾತ್ರ ನನ್ನ ಕೈಗೆ ಕೊಡ್ಲಿಲ್ಲ. ಆಮೇಲೆ ಆಮೇಲೆ ನನಗೇ ನೆನಪಾಗೋಕೆ ಶುರುವಾಯ್ತು ಸಾರ್. ಅವಳ ಹಾಳೆ ಕಡೆ ಬಗ್ಗಿದ್ದು, ಅವಳ ಕೈಗಡಿಯಾರ ಅಡ್ಡ ಬಂದು ಅರ್ಧ ಗೆರೆ ಕಾಣದೇ ಇದ್ದಿದ್ದು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅದು ಆಗಲೇ ಇಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ನಾನು ಏನು ನೆನಪಿಟ್ಕೊಂಡಿದ್ದೆ ಇಷ್ಟು ದಿನ?"

ಮೇಷ್ಟ್ರಿಗೆ ಒಂದು ತಣ್ಣಗಿನ ತಿಳಿವು ಬಂತು: ನಾನು ಇವಳಿಗೆ ಏನನ್ನೋ ಹಿಂತಿರುಗಿಸುತ್ತಿದ್ದೇನೆಂದು ಬಾಯಿ ಬಿಟ್ಟೆ, ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. ನಿನ್ನೆಯವರೆಗೆ ಅವಳದು ತಪ್ಪು ಮಾಡಿ ತೆತ್ತ ಬಾಳು, ಅದಕ್ಕೊಂದು ಕಾರಣವಿತ್ತು. ಇವತ್ತಿನಿಂದ ಅದೂ ಇಲ್ಲ. "ಆ ವೇದಿಕೆ ಮೇಲೆ ಹೋಗಿ ಈಗಲೇ ಎಲ್ಲರಿಗೂ ಹೇಳ್ತೀನಿ" ಎಂದರು. ಹೇಳುವಾಗಲೇ, ಅದೂ ತನ್ನ ಹಿತಕ್ಕೇ ಅನ್ನಿಸಿ ನಾಚಿಕೆಯಾಯಿತು.

"ಬೇಡ ಸಾರ್. ಅವಳು ಸೇತುವೆ ಕಟ್ಟಿದಾಳೆ, ಜನ ಓಡಾಡ್ತಿದಾರೆ" ಎಂದಳು. ಆಮೇಲೆ ಮೊದಲ ಬಾರಿಗೆ ದನಿ ಸ್ವಲ್ಪ ಏರಿತು. "ನನ್ನಮ್ಮ ಇನ್ನೂ ಇದಾಳೆ. ಬಂದು ಅವಳಿಗೆ ಹೇಳಿ. ಅಷ್ಟು ಮಾಡಿ."

ಮೂವರೂ ಬಸ್ಸು ಹತ್ತಿದರು. ತಾಯಿ ಮಗಳು ಮುಂದಿನ ಸೀಟಿನಲ್ಲಿ, ಮೇಷ್ಟ್ರು ಹಿಂದೆ. ಮೂರನೆಯ ನಿಲ್ದಾಣದಲ್ಲಿ ತಾಯಿ ಕಿಟಕಿಯತ್ತ ನೋಡುತ್ತಲೇ, "ಕಾಲೇಜಿನ ಅರ್ಜಿ ಕೊಡೋಕೆ ಕಡೇ ದಿನ ಯಾವಾಗ?" ಎಂದಳು.

"ನಾಳಿದ್ದು" ಎಂದಳು ಹುಡುಗಿ.

"ತುಂಬು."

ಅಷ್ಟೇ. ತಿಂಗಳುಗಟ್ಟಲೆ ಅತ್ತು ಕರೆದು ಕೇಳಿದ್ದು ಕೈಗೆ ಬಂದಾಗ, ಹುಡುಗಿ ತಾಯಿಯ ಭುಜಕ್ಕೆ ಹಣೆಯಿಟ್ಟು ಹಾಗೇ ಕೂತಳು. ಮೇಷ್ಟ್ರ ಕಣ್ಣ ಮುಂದೆ, ಒಂದು ಮೊಳ ದೂರದಲ್ಲಿ, ಆ ಕಾಲರು. ಈ ಸಲ ಬೇರೆ ಕಡೆ ನೋಡಲು ಜಾಗವಿರಲಿಲ್ಲ.

ಸೈಕಲ್ ರಿಪೇರಿ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಕಿಟಕಿಯ ಬಳಿ ಹೊಲಿಗೆ ಯಂತ್ರ, ನೆಲದ ಮೇಲೆ ಮುಂದಿನ ವರ್ಷದ ಮಕ್ಕಳಿಗೆ ಕತ್ತರಿಸಿಟ್ಟ ಬೂದು ಬಟ್ಟೆಯ ರಾಶಿ, ಅಳತೆಯ ಪ್ರಕಾರ ಚೀಟಿ ಸಿಕ್ಕಿಸಿ. ಮಂಚದ ಮೇಲೆ ದರ್ಜಿಯ ಹೆಂಡತಿ, ಎಂಬತ್ತು ದಾಟಿದ ಮುದುಕಿ, ಗುಂಡಿಗಳ ಡಬ್ಬಿ ಮಡಿಲಲ್ಲಿಟ್ಟುಕೊಂಡು ಬಣ್ಣಬಣ್ಣ ಬೇರೆ ಮಾಡುತ್ತಿದ್ದಳು. "ಕಿವಿ ಕೇಳಲ್ಲ. ಜೋರಾಗಿ ಹೇಳ್ಬೇಕು" ಎಂದಳು ಮಗಳು. "ನನ್ನ ದನಿ ಅವಳಿಗೆ ಯಾವತ್ತೂ ಸಾಲೋದಿಲ್ಲ."

ಮೇಷ್ಟ್ರು ಮಂಚದ ಪಕ್ಕ ಬಾಗಿ ನಿಂತರು. "ಅಮ್ಮಾ, ನಿಮ್ಮ ಮಗಳು ಕದ್ದಿರಲಿಲ್ಲ."

"ಯಾರು ಬಿದ್ರು?"

"ಬೀಳಲಿಲ್ಲ. ಕದ್ದಿರಲಿಲ್ಲ! ಪರೀಕ್ಷೆಯಲ್ಲಿ! ಶಾಲೆಯಲ್ಲಿ!"

"ಜೋರಾಗಿ ಹೇಳಪ್ಪ, ಗಂಡಸಲ್ವಾ ನೀನು?"

"ನಿಮ್ಮ ಮಗಳು ಕಳ್ಳಿ ಅಲ್ಲ!" ಮೇಷ್ಟ್ರು ಕಿರುಚಿದರು. ಕೆಳಗಿನ ಅಂಗಡಿಯಲ್ಲಿ ಸುತ್ತಿಗೆಯ ಸದ್ದು ನಿಂತಿತು. ಎದುರು ಮನೆಯ ಕಿಟಕಿಯಲ್ಲಿ ಯಾರದೋ ಮುಖ ಕಾಣಿಸಿತು. "ನಾನು ಸುಳ್ಳು ಹೇಳಿದೆ! ನಿಮ್ಮ ಯಜಮಾನರ ಹತ್ರ! ನಾನೇ ಆ ಮೇಷ್ಟ್ರು!" ಮೂವತ್ತೈದನೇ ವಯಸ್ಸಿನಲ್ಲಿ ಒಂದು ತರಗತಿಗೆ ಮೆಲ್ಲಗೆ ಹೇಳಲಾಗದ್ದನ್ನು ಅರವತ್ತಾರರಲ್ಲಿ ಬೀದಿಗೆ ಕೇಳುವಂತೆ ಕೂಗಿ, ಏದುಸಿರು ಬಿಡುತ್ತ ನಿಂತರು.

ಮುದುಕಿಯ ಬೆರಳು ಗುಂಡಿಗಳ ನಡುವೆ ನಿಂತವು. ಮೇಷ್ಟ್ರನ್ನು ನೋಡಿದಳು, ಮಗಳನ್ನು ನೋಡಿದಳು, ಮತ್ತೆ ಮೇಷ್ಟ್ರನ್ನು. ಅವಳ ಮುಖದಲ್ಲಿ ಸಿಟ್ಟು ಬರಲಿಲ್ಲ. ಗಂಟು ಬಿಡಿಸಲಾಗದ ಮಗುವಿನ ಪೆಚ್ಚು ಬಂತು.

"ಕದ್ದಿರ್ಲಿಲ್ವಾ?"

"ಇಲ್ಲ!"

"ಮತ್ತೆ ಇವಳನ್ನ ಸ್ಕೂಲು ಯಾಕೆ ಬಿಡಿಸಿದ್ವಿ?"

ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಮಗಳು ಅವರನ್ನು ಪಕ್ಕಕ್ಕೆ ಸರಿಸಿ, ಮಂಚದ ಅಂಚಿಗೆ ಕೂತು, ತಾಯಿಯ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿ ನೋಡಿ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ನೀವು ಬಿಡಿಸ್ಲಿಲ್ಲಮ್ಮ. ನನಗೇ ಓದೋಕೆ ಬೇಜಾರಾಗಿತ್ತು. ನಾನೇ ಹೋಗಲ್ಲ ಅಂತ ಹಟ ಮಾಡಿದ್ದೆ. ನಿನಗೆ ಮರೆತುಹೋಗಿದೆ."

"ಹೌದಾ?"

"ಹೂಂ. ಅಪ್ಪ ಎಷ್ಟು ಹೇಳಿದ್ರೂ ಕೇಳಲಿಲ್ಲ ನಾನು."

ಮುದುಕಿ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಮುಖ ಸಡಿಲವಾಯಿತು. ನೆನಪೂ ಬಂದಿತೇನೋ, ಹಟ ಮಾಡುವ ಹುಡುಗಿ, ಬುದ್ಧಿ ಹೇಳುವ ಗಂಡ. "ಇರಬಹುದು, ಇರಬಹುದು. ಮೊದಲಿಂದಲೂ ಮೈಗಳ್ಳಿ ನೀನು" ಎಂದು ಮಗಳ ಕೆನ್ನೆಗೆ ಮೆತ್ತಗೆ ಏಟು ಹಾಕಿ ನಕ್ಕಳು. ಮಗಳೂ ನಕ್ಕಳು. ನಕ್ಕು, ಆ ಒಣಗಿದ ಕೈಯನ್ನು ಕೆನ್ನೆಯ ಮೇಲೆಯೇ ಒತ್ತಿ ಹಿಡಿದುಕೊಂಡು ಕಣ್ಣು ಮುಚ್ಚಿಕೊಂಡಳು.

ಮೊಮ್ಮಗಳು ಮಾತ್ರ ನಗಲಿಲ್ಲ. ಅವಳು ಬಟ್ಟೆಯ ರಾಶಿ ದಾಟಿ ಹೋಗಿ ಬಾಗಿಲು ತೆರೆದು, ಅದನ್ನು ಹಿಡಿದುಕೊಂಡು, ಮೇಷ್ಟ್ರು ಹೊರಗೆ ಹೋಗುವುದನ್ನು ಕಾಯುತ್ತ ನಿಂತಳು.